ಹೊರಡುವಾಗ ಕರೆದ ಹೆಸರು

ಹಗರಿಬೊಮ್ಮನಹಳ್ಳಿ

ಕೊರಿಯಾಕ್ಕೆ ಹೋಗಬೇಕೆಂದು ಆಸೆಪಟ್ಟವಳು ನಾನಲ್ಲ, ನನ್ನ ಸೋದರತ್ತೆ ಗಾಳೆಮ್ಮ. ಹಗರಿಬೊಮ್ಮನಹಳ್ಳಿಯಲ್ಲಿ ಅವಳದೊಂದು ಹಿಟ್ಟಿನ ಗಿರಣಿ ಇದೆ. ಮಾವ ತೀರಿಕೊಂಡ ಮೇಲೆ ಅದನ್ನು ಒಬ್ಬಳೇ ನಡೆಸುತ್ತಾಳೆ. ಗಿರಣಿ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಾಗಾಗಿ ಅತ್ತೆ ಫೋನನ್ನು ಜೋಳದ ಡಬ್ಬಿಗೆ ಆನಿಸಿಟ್ಟು, ದನಿಯಿಲ್ಲದೆ ಕೊರಿಯನ್ ಧಾರಾವಾಹಿ ನೋಡುತ್ತಾಳೆ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು.

"ಮಾತು ಯಾಕ ಬೇಕಲೇ? ಮಾರಿ ನೋಡಿದ್ರ ತಿಳೀತೈತಿ. ಇಕಿ ಅತ್ತಿ, ಆಕಿ ಸೊಸಿ. ಸೊಸಿ ಗಡಿಗಿ ಮುಚ್ಚಳ ತಗದು ಮರತಾಳ. ಈಗ ಮಳಿ ಬರತೈತಿ ನೋಡು."

ಫೋನಿನೊಳಗೆ ಮಳೆ ಬಂದೇ ಬಂತು.

ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಭೂಪಟ ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಪ್ರವಾಸದ ಪ್ಲಾನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅರಮನೆಗಳು, ವಸ್ತುಸಂಗ್ರಹಾಲಯ, ಬೆಟ್ಟದ ಮೇಲಿನ ಬೌದ್ಧ ವಿಹಾರ ಎಂದು ನಾನು ಅಚ್ಚುಕಟ್ಟಾಗಿ ಯೋಚಿಸಿಕೊಂಡು ಹೋದೆ. ಅತ್ತೆ ಕೇಳಿಸಿಕೊಂಡು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅರಮನಿ ಹಂಪ್ಯಾಗ ಅದಾವ. ನನಗ ಆ ಮನಿ ಬೇಕು. ಅಂಗಳದಾಗ ಗಡಿಗಿ ಸಾಲು ಇರತಾವಲ್ಲ, ಕಟಿಗಿ ಜಗಲಿ ಇರತೈತಲ್ಲ, ಅದು. ಅದರ ಮ್ಯಾಲೆ ಒಂದಿನ ಸುಮ್ಮನ ಕುಂದರಬೇಕು."

"ಕುಂದರಾಕ ಅಷ್ಟು ದೂರ ಹೋಗಬೇಕಾ ಅತ್ತಿ?"

"ಇಲ್ಲಿ ಕುಂದರಾಕ ಯಾರು ಬಿಡ್ತಾರ?"

ಅಷ್ಟರಲ್ಲಿ ಡಬ್ಬಿ ಹೊತ್ತ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಗಾಳವ್ವಾ, ರೊಟ್ಟಿಗೆ ಸಣ್ಣಗ ಬೀಸವ್ವಾ" ಎಂದಳು. ಅತ್ತೆ ಎದ್ದಳು. ನನ್ನ ಅರಮನೆಗಳೆಲ್ಲ ಅಲ್ಲಿಗೆ ಮುಗಿದವು.

ಕೊರಿಯಾದ ಮೇಲೆ ಮನಸ್ಸಿರುವ ಗೆಳತಿಯರು ಈಗ ನನ್ನಲ್ಲಿ ಸಲಹೆ ಕೇಳುತ್ತಾರೆ. ಏನೇನು ನೋಡಬೇಕು ಎಂಬುದನ್ನು ಯಾರಾದರೂ ಹೇಳಿಯಾರು. ಜೊತೆಗೆ ಬರುವವರು ಎಲ್ಲಿ ಕೂರಲು ಬಯಸುತ್ತಾರೆ ಎಂಬುದನ್ನು ಮೊದಲು ಕೇಳಿ ಎನ್ನುತ್ತೇನೆ ನಾನು. ಎರಡನೆಯ ಸಲಹೆಯೂ ಒಂದಿದೆ. ಅದಕ್ಕೆ ಮುಂಚೆ ನಮ್ಮ ಮನೆತನದ ಒಂದು ಪದ್ಧತಿಯನ್ನು ಹೇಳಬೇಕು.

ನಮ್ಮದು ಗುಡೇಕೋಟೆ ಕಡೆಯ ಕುರಿ ಕಾಯುವ ಮನೆತನ. ಅತ್ತೆ ಹುಡುಗಿಯಾಗಿದ್ದಾಗ ಬೇಸಿಗೆಯೆಲ್ಲ ಕುರಿಯ ಹಿಂದೆ ಹೊಲದಿಂದ ಹೊಲಕ್ಕೆ ತಿರುಗಿದವಳು. ಬೀಡು ಬಿಟ್ಟ ಜಾಗದಿಂದ ಹೊರಡುವಾಗ ಗಂಡಸರು ಕುರಿ ಎಣಿಸುತ್ತಿದ್ದರು. ಮಂದಿಯನ್ನು ಕರೆಯುವುದು ಹಿರಿಯ ಹೆಂಗಸಿನ ಕೆಲಸ. ಅವಳು ಆರಿಸಿದ ಒಲೆಗೆ ಬೆನ್ನು ಮಾಡಿ, ದಾರಿಗೆ ಮುಖ ಮಾಡಿ ನಿಂತು, ಒಬ್ಬೊಬ್ಬರ ಹೆಸರು ಕೂಗಬೇಕು. ಕೂಗಿಸಿಕೊಂಡವರು "ಬಂದೆ" ಎಂದು ಬಾಯಿಬಿಟ್ಟು ಹೇಳಬೇಕು. ಕೊನೆಗೆ ಅವಳು ತನ್ನ ಹೆಸರನ್ನೂ ತಾನೇ ಕೂಗಿ, ತಾನೇ "ಬಂದೆ" ಎನ್ನಬೇಕು. ಆಮೇಲೆ ತಿರುಗಿ ನೋಡುವಂತಿಲ್ಲ.

"ಅನ್ನಲಿಲ್ಲಂದ್ರ ಏನಾಗತೈತಿ?" ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ.

"ಮೈ ಬರತೈತಿ. ಅವರು ಬರಾಂಗಿಲ್ಲ. ಒಲಿ ಹತ್ರ ಕುಂತಬಿಡ್ತಾರ."

ಸಿಯೋಲ್

ಸಿಯೋಲ್ ನಗರದ ಮೆಟ್ರೊದಲ್ಲಿ ಯಾರೂ ಮಾತಾಡುವುದಿಲ್ಲ. ಡಬ್ಬಿಯ ತುಂಬ ಜನ, ಕೇಳುವುದು ಗಾಲಿಯ ಸದ್ದು ಮಾತ್ರ. ನನಗೆ ಆ ಊರು ಮೊದಲ ನೋಟಕ್ಕೇ ಹಿಡಿಸಿತು. ಅತ್ತೆಯದು ಗಿರಣಿಯ ಸದ್ದನ್ನು ಮೀರಿಸುವ ದನಿ. ಅವಳು ಗುಟ್ಟು ಹೇಳಿದರೂ ಮೂರು ಸೀಟು ಆಚೆಗೆ ಕೇಳುತ್ತದೆ.

"ಯಾರರ ತೀರಿಕೊಂಡಾರೇನಲೇ? ಎಲ್ಲಾರೂ ಹಿಂಗ್ಯಾಕ ಕುಂತಾರ?"

ಎದುರಿನ ಮುದುಕ ಕಣ್ಣು ತೆರೆದು ಅವಳನ್ನು ನೋಡಿದ. ನಾನು ಕಿಟಕಿಯತ್ತ ತಿರುಗಿದೆ. ಅಲ್ಲಿ ಕತ್ತಲು ಸುರಂಗ, ನನ್ನದೇ ಮುಖ.

ಹೋಟೆಲು ಬಿಡುವ ದಿನ ಅತ್ತೆ ಕೋಣೆಯಲ್ಲೆಲ್ಲ ಹುಡುಕಾಡಿದಳು. ಏನು ಬೇಕು ಎಂದರೆ ಒಲೆ ಬೇಕು ಎಂದಳು. ಕೊನೆಗೆ ನೀರು ಕಾಯಿಸುವ ವಿದ್ಯುತ್ ಕೆಟಲ್ಲಿಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ ನಿಂತಳು.

"ಇದ ಒಲಿ ಅನ್ಕೋ. ಶೈಲೀ!"

"ಬಂದೆ."

"ಗಾಳೀ! ಬಂದೆ. ನಡಿ ಇನ್ನ."

ಪಕ್ಕದ ಕೋಣೆಯವನು ಬಾಗಿಲು ಸ್ವಲ್ಪ ತೆರೆದು ಇಣುಕಿ, ತಲೆ ಬಾಗಿಸಿ, ಮತ್ತೆ ಹಾಕಿಕೊಂಡ. ಲಿಫ್ಟಿನಲ್ಲಿ ಇಳಿಯುವಾಗ ನನಗೆ ಕಿವಿ ಬಿಸಿಯಾಗಿತ್ತು. ಇನ್ನೊಂದು ಸಲ ಹೀಗೆ ನಾಲ್ಕು ಜನರ ಮುಂದೆ ಆಗದಿದ್ದರೆ ಸಾಕು ಅಂದುಕೊಂಡೆ.

ಆಂದೊಂಗ್ ಹತ್ತಿರದ ಹಳ್ಳಿ

ಬಸ್ಸು ನಮ್ಮನ್ನು ಊರ ಬಾಯಲ್ಲಿ ಇಳಿಸಿತು. ದಾರಿಯ ಎರಡು ಬದಿಗೆ ಆಳೆತ್ತರದ ಮರದ ಕಂಬಗಳು. ಅವುಗಳಿಗೆ ಮುಖ ಕೆತ್ತಿದ್ದಾರೆ. ಹೊರಬಿದ್ದ ಕಣ್ಣು, ಸಾಲಾಗಿ ಕಾಣುವ ಹಲ್ಲು. ಊರು ಕಾಯುವ ದೇವರುಗಳಂತೆ. ನಮ್ಮೂರ ಗಡಿಯಲ್ಲಿ ಕುಂಕುಮ ಬಳಿದ ಕಲ್ಲಿದೆ, ಅದಕ್ಕೆ ಮುಖವಿಲ್ಲ. ಮುಖವಿಲ್ಲದ್ದಕ್ಕೆ ನಾನು ಎಂದೂ ಹೆದರಿದವಳಲ್ಲ. ಅತ್ತೆ ಚಪ್ಪಲಿ ಬಿಟ್ಟು ಎರಡಕ್ಕೂ ಕೈಮುಗಿದಳು.

"ಗಡಿ ಐತಿ ಅಂದ್ರ ಊರು ಚಲೋ ಐತಿ."

ನಾವು ಉಳಿದ ಮನೆ ಒಬ್ಬ ಅಜ್ಜಿಯದು. ಗಂಡ ಇಲ್ಲ, ಮಕ್ಕಳು ಬೇರೆ ಊರಲ್ಲಿ. ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾಳೆ. ಅಂಗಳದಲ್ಲಿ ಗಡಿಗೆಗಳ ಸಾಲಿತ್ತು. ಮರದ ಜಗಲಿ ತುಳಿದು ತುಳಿದು ಕನ್ನಡಿಯಂತಾಗಿತ್ತು. ಮಾಡಿನ ತೊಲೆಗೆ ಸಿಪ್ಪೆ ಹೆರೆದ ಕಿತ್ತಳೆ ಬಣ್ಣದ ಹಣ್ಣುಗಳನ್ನು ದಾರಕ್ಕೆ ಕಟ್ಟಿ ಒಣಗಲು ಇಳಿಬಿಟ್ಟಿದ್ದರು. ಕೋಣೆಯ ಹೊರಗೋಡೆಗೆ ಒಂದು ಒಲೆ. ಅದಕ್ಕೆ ಸೌದೆ ಇಟ್ಟರೆ ಬಿಸಿ ನೆಲದಡಿಯ ಕಾಲುವೆಗಳಲ್ಲಿ ಹರಿದು, ನಾವು ಮಲಗುವ ನೆಲವೇ ಬೆಚ್ಚಗಾಗುತ್ತದೆ.

ಅತ್ತೆ ಗಂಟು ಬಿಚ್ಚಿ ಕಟಕ ರೊಟ್ಟಿ, ಗುರೆಳ್ಳು ಪುಡಿ ತೆಗೆದಿಟ್ಟಳು. ಅಜ್ಜಿ ಪುಡಿಯನ್ನು ಮೂಸಿ, ಒಳಗೆ ಹೋಗಿ ತನ್ನದೊಂದು ಪುಡಿ ತಂದಳು. ಅದೂ ಯಾವುದೋ ಎಳ್ಳಿನಂಥ ಕಾಳಿನದು, ಬೂದು ಬಣ್ಣ, ಹೆಚ್ಚುಕಡಿಮೆ ಅದೇ ವಾಸನೆ. ಇಬ್ಬರೂ ಒಬ್ಬರದನ್ನೊಬ್ಬರು ನೆಕ್ಕಿ ನೋಡಿ ನಕ್ಕರು. ಆಮೇಲೆ ಜಗಲಿಯ ಮೇಲೆ ಕೂತು ಹಣ್ಣು ಹೆರೆಯತೊಡಗಿದರು. ಅಜ್ಜಿ ತನ್ನ ಭಾಷೆಯಲ್ಲಿ, ಅತ್ತೆ ತನ್ನ ಭಾಷೆಯಲ್ಲಿ. ಫೋನಿನಲ್ಲಿ ಅನುವಾದ ಮಾಡಿಕೊಡಲೇ ಎಂದು ಕೇಳಿದೆ.

"ಸುಮ್ಮನಿರು. ಆಕಿ ತನ್ನ ಗಂಡನ ಸುದ್ದಿ ಹೇಳಾಕತ್ಯಾಳ."

ಅತ್ತೆಯನ್ನು ನಾನು ಅಷ್ಟು ಹೊತ್ತು ಕೂತದ್ದು ನೋಡಿರಲಿಲ್ಲ. ಯಾರೂ ಅವಳನ್ನು ಕೂಗಲಿಲ್ಲ. ಸಂಜೆಯ ಬಿಸಿಲು ಗಡಿಗೆಗಳ ಮೇಲಿಂದ ಇಳಿದು ಹೋಯಿತು. ಅವಳ ದನಿ ಕೂಡ ತಗ್ಗಿತ್ತು.

ಹೊರಡುವ ಬೆಳಿಗ್ಗೆ ಅಂಗಳದಲ್ಲಿ ಜನರಿದ್ದರು. ಪಕ್ಕದ ಕೋಣೆಯ ಗಂಡ ಹೆಂಡತಿ, ಅಜ್ಜಿಯನ್ನು ನೋಡಲು ಬಂದ ನೆಂಟರು. ಎಲ್ಲರೂ ಕೈಕಟ್ಟಿ ನಿಂತು ನಮ್ಮನ್ನು ಬೀಳ್ಕೊಡಲು ಬಾಗುತ್ತಿದ್ದಾಗ, ಅತ್ತೆ ಗೋಡೆಯ ಒಲೆಗೆ ಬೆನ್ನು ಮಾಡಿ ನಿಂತು ಕೂಗಿಯೇ ಬಿಟ್ಟಳು.

"ಶೈಲೀ!"

ಬಾಗಿದವರು ಬಾಗಿದಂತೆಯೇ ನಿಂತರು. ನಾನು ಅತ್ತೆಯ ಹಿಂದೆ ಇದ್ದೆ. ಚೀಲದ ಪಟ್ಟಿ ಸರಿಮಾಡಿಕೊಂಡೆ. ತುಟಿ ಅಲುಗಿಸಿದೆ, ದನಿ ಹೊರಡಿಸಲಿಲ್ಲ.

ಕ್ಷಣ ತಡೆದು, ಅತ್ತೆ ತೃಪ್ತಿಯಿಂದ ತಲೆಯಾಡಿಸಿದಳು. ತನ್ನ ಹೆಸರು ಕೂಗಿಕೊಂಡು, "ಬಂದೆ" ಎಂದು ನಡೆದಳು. ಗಿರಣಿಯ ಸದ್ದಿಗೆ ಅವಳ ಕಿವಿ ಮಂದವಾಗಿರಬೇಕು, ಬಚಾವಾದೆ ಎಂದುಕೊಂಡು ನಾನೂ ಹಿಂಬಾಲಿಸಿದೆ.

ಬುಸಾನ್

ಬುಸಾನ್ ಕಡಲ ಊರು. ಅಲ್ಲಿಗೆ ಹೋಗುವ ರೈಲಿನಲ್ಲಿ ಒಬ್ಬ ಹೆಂಗಸು ಬಂದು ತನ್ನ ಕೈಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟಳು. ಖಾಲಿ ಸೀಟಿನ ಮೇಲೆ ಇಡುವ ಹಾಗೆ. ನಾನು ಕೆಮ್ಮಿದೆ. ಅವಳು ಬೆಚ್ಚಿಬಿದ್ದು, ಚೀಲ ಎತ್ತಿಕೊಂಡು ಮತ್ತೆ ಮತ್ತೆ ಕ್ಷಮೆ ಕೇಳಿ, ಬೇರೆ ಡಬ್ಬಿಗೆ ಹೋದಳು.

ಹೋಟೆಲಿನ ಗಾಜಿನ ಬಾಗಿಲು ಅತ್ತೆಗೆ ತಾನಾಗಿ ತೆರೆಯಿತು. ಅವಳ ಹಿಂದೆ ಮುಚ್ಚಿಕೊಂಡಿತು. ನಾನು ಅದರ ಮುಂದೆ ನಿಂತೆ, ಒಂದು ಹೆಜ್ಜೆ ಹಿಂದೆ ಸರಿದೆ, ಕೈ ಬೀಸಿದೆ. ಒಳಗಿದ್ದ ಹುಡುಗ, ನಾನೂ ಗಾಜೇ ಎಂಬಂತೆ, ನನ್ನ ಮೂಲಕ ರಸ್ತೆಯನ್ನು ನೋಡುತ್ತಿದ್ದ. ಇನ್ನಾರೋ ಬಂದು ಬಾಗಿಲು ತೆರೆದಾಗ ಅವರ ಜೊತೆ ಒಳಗೆ ಹೋದೆ. ಊಟದ ಮನೆಯಲ್ಲಿ ಅತ್ತೆಯ ಮುಂದೆ ಬಟ್ಟಲು, ಚಮಚ, ಕಡ್ಡಿ ಇಟ್ಟರು. ನನ್ನ ಮುಂದೆ ಏನೂ ಇಡಲಿಲ್ಲ. ಕೇಳಿದಾಗ ಇಟ್ಟರು.

ಮೊದಮೊದಲು ನನಗೆ ಹಿತವೇ ಆಯಿತು. ನಾನು ಬೂದು ಬಣ್ಣದ ಸ್ವೆಟರು ಹಾಕುವವಳು, ಮೆಲ್ಲಗೆ ನಡೆಯುವವಳು. ಬಸ್ಸಿನಲ್ಲಿ ಯಾರೂ ಮಾತಾಡಿಸದಿದ್ದರೆ ಆ ದಿನ ಚೆನ್ನಾಗಿತ್ತು ಎನ್ನುವವಳು. ಇಲ್ಲಿ ನನ್ನನ್ನು ಯಾರೂ ದಿಟ್ಟಿಸುತ್ತಿರಲಿಲ್ಲ. ಬಾಗಿಲಿನ ಯಂತ್ರ ಕೆಟ್ಟಿರಬಹುದು, ಊಟದ ಮನೆಯವರು ಗಡಿಬಿಡಿಯಲ್ಲಿದ್ದಿರಬಹುದು. ಒಂದೊಂದಕ್ಕೂ ಒಂದೊಂದು ಕಾರಣ ನನ್ನಲ್ಲಿತ್ತು.

ಕಡಲ ದಂಡೆಯಲ್ಲಿ ಅತ್ತೆ ಮರಳಿನ ಮೇಲೆ ಕೂತಿದ್ದಳು. ನಾನು ಅವಳ ಪಕ್ಕದಲ್ಲಿ, ಮೊಣಕೈ ತಾಗುವಷ್ಟು ಹತ್ತಿರ. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ದಂಡೆಯುದ್ದಕ್ಕೂ ನೋಡಿದಳು. ಆಚೆಗೆ, ಈಚೆಗೆ.

"ಶೈಲಿ ಎಲ್ಲಿ ಹೋದಳವ್ವಾ," ಎಂದು ತನ್ನಷ್ಟಕ್ಕೆ ಗೊಣಗಿದಳು.

ಅದಕ್ಕೆ ಮಾತ್ರ ನನ್ನಲ್ಲಿ ಕಾರಣವಿರಲಿಲ್ಲ.

"ಅತ್ತಿ," ಎಂದೆ. ಅವಳು ತಿರುಗಲಿಲ್ಲ. ಅವಳ ಮುಂಗೈ ಹಿಡಿದು ಎಳೆದೆ. ಆಗ ತಿರುಗಿದಳು. ಅವಳ ಕಣ್ಣು ನನ್ನ ಮುಖಕ್ಕೆ ಬಂದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

"ಇಲ್ಲೇ ಅದೀಯಾ?" ಎಂದಳು. ಆಮೇಲೆ ಬಹಳ ಮೆಲ್ಲಗೆ, ಗಿರಣಿಯ ದನಿಯೇ ಅಲ್ಲ ಅದು, ಕೇಳಿದಳು. "ಖರೇ ಹೇಳು. ಆ ಅಜ್ಜಿ ಮನ್ಯಾಗ ಕರದಾಗ ನೀ ಬಂದೆ ಅಂದ್ಯಾ?"

"ಇಲ್ಲ. ಮಂದಿ ಇದ್ರಲ್ಲ ಅತ್ತಿ, ನಾಚಿಕಿ ಬಂತು."

"ಅಂದಿ. ನಾ ಕೇಳೀನಿ."

"ಬಾಯಿ ಬಿಡಲಿಲ್ಲ ನಾನು."

"ಬಂದೆ ಅಂತ ನಿನ್ನ ದನಿ ಕೇಳ್ತು. ಒಳಗಿಂದ. ನೀ ಚೀಲ ತರಾಕ ಕೋಣ್ಯಾಗ ಹೋಗಿದ್ದಿ ಅನ್ಕಂಡೆ."

"ನಾನು ಒಳಗ ಇರಲಿಲ್ಲ. ನಿನ್ನ ಹಿಂದ ನಿಂತಿದ್ದೆ."

ಅಲೆ ಬಂದು ಅತ್ತೆಯ ಪಾದ ತೋಯಿಸಿ ಹೋಯಿತು. ಅವಳು ಎದ್ದು ಸೀರೆಯ ಮರಳು ಕೊಡವಿಕೊಂಡಳು.

"ನಡಿ. ಕರಕೊಂಡು ಬರಾಣು."

ಮರುದಿನ ಸಂಜೆ ಸಿಯೋಲ್‌ನಿಂದ ನಮ್ಮ ವಿಮಾನ. ನಡುವೆ ಆ ಹಳ್ಳಿಗೆ ಹೋದರೆ ವಿಮಾನ ಸಿಗುವುದೇ ಅನುಮಾನ ಎಂದು ನಾನು ಹೇಳಿದೆ.

"ಇಮಾನಕ್ಕ ಏನು, ಇನ್ನೊಂದು ಬರತೈತಿ. ನಿನ್ನ ಬಿಟ್ಟುಹೋಗಿ ನಿಮ್ಮವ್ವಗ ಏನು ಹೇಳಲಿ? ಮೈ ತಂದೀನಿ, ತಗೋ ಅನ್ನಲಾ?"

ನಾನು ಫೋನಿನಲ್ಲಿ ಆ ಹಳ್ಳಿಯ ಬಸ್ಸು ಹುಡುಕತೊಡಗಿದೆ. ಆ ಹೊತ್ತಿಗೆ ನನಗೂ ಸಿಯೋಲ್‌ಗಿಂತ ಆ ಒಲೆಯ ಹತ್ತಿರ ಹೋಗುವುದೇ ಬೇಕಾಗಿತ್ತು.

ಮತ್ತೆ ಅದೇ ಅಂಗಳ

ಮರುದಿನ ನಾವು ಬಸ್ಸಿಳಿದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಊರ ಬಾಯಲ್ಲಿ ಮರದ ಮುಖಗಳ ಕಣ್ಣು ಮಾತ್ರ ಕಾಣುತ್ತಿದ್ದವು. ಅಜ್ಜಿ ಅಂಗಳ ಗುಡಿಸುತ್ತಿದ್ದಳು. ಅತ್ತೆಯನ್ನು ಕಂಡು ನಕ್ಕಳು. ನನ್ನನ್ನು ಕಂಡವಳು ಪೊರಕೆ ಹಿಡಿದಂತೆಯೇ ನಿಂತು, ನಾವಿದ್ದ ಕೋಣೆಯ ಬಾಗಿಲನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು.

ಆಮೇಲೆ ಹೋಗಿ ಕಾಗದದ ಬಾಗಿಲು ಸರಿಸಿದಳು. ಒಳಗೆ ಹಾಸಿಗೆ ಹಾಸಿತ್ತು. ದಿಂಬಿನಲ್ಲಿ ತಲೆಯ ತಗ್ಗು. ಪಕ್ಕದಲ್ಲಿ ಅರ್ಧ ಕುಡಿದ ನೀರಿನ ಬಟ್ಟಲು, ಅದರ ಹತ್ತಿರ ನನ್ನ ಕೂದಲ ಕ್ಲಿಪ್ಪು. ಕ್ಲಿಪ್ಪು ಅಲ್ಲಿ ಮರೆತಿದ್ದು ನಿಜ. ಬೇರೆ ಅತಿಥಿ ಯಾರೋ ಉಳಿದಿರಬೇಕು ಎಂದು ನಾನು ಕೇಳಲು ಹೊರಟೆ. ಅಜ್ಜಿಯ ಮುಖ ನೋಡಿ ಕೇಳಲಿಲ್ಲ. ಮಾತು ಬೇಕಿಲ್ಲ, ಮಾರಿ ನೋಡಿದರೆ ತಿಳಿಯುತ್ತದೆ ಎಂದು ಅತ್ತೆ ಹೇಳುತ್ತಿದ್ದುದು ಆಗ ನನಗೆ ಅರ್ಥವಾಯಿತು. ಹೊಸ್ತಿಲು ದಾಟಿ ಒಳಗೆ ಮಾತ್ರ ಕಾಲಿಡಲಿಲ್ಲ. ನೆಲದ ಬಿಸಿ ಹೊಸ್ತಿಲವರೆಗೆ ಬರುತ್ತಿತ್ತು.

ಅತ್ತೆ ಜಗಲಿಯ ಮೇಲೆ ಕೂತಳು. ಅಜ್ಜಿ ಅವಳಿಗೆ ಚಹಾ ತಂದುಕೊಟ್ಟಳು, ತಾನೂ ಪಕ್ಕದಲ್ಲಿ ಕೂತಳು. ಇಬ್ಬರೂ ಏನೋ ಮಾತಾಡಿಕೊಂಡರು, ಎರಡು ಭಾಷೆಗಳಲ್ಲಿ. ಅತ್ತೆ ಜಗಲಿಯ ಹಲಗೆಯನ್ನು ಅಂಗೈಯಿಂದ ಒಮ್ಮೆ ಸವರಿದಳು, ಎತ್ತಿನ ಬೆನ್ನು ಸವರುವ ಹಾಗೆ. ನಾನು ಬಸ್ಸಿನ ಹೊತ್ತು ನೆನಪಿಸಿದೆ.

ಅವಳು ಎದ್ದು ಒಲೆಗೆ ಬೆನ್ನು ಮಾಡಿ ನಿಂತಳು. ನಾನು ಅವಳ ಹಿಂದೆ. ನನ್ನ ಬೆನ್ನಿನ ಹಿಂದೆ ತೆರೆದ ಬಾಗಿಲು.

"ಶೈಲೀ! ನಮ್ಮವ್ವಾ, ಮನಿಗೆ ಹೋಗೂಣು ಬಾ!"

ಬೇಲಿಯಾಚೆ ಯಾರೋ ನಿಂತು ನೋಡಿದರು. ನಾನು ಉಸಿರೆಳೆದುಕೊಂಡು, ಕ್ಲಾಸಿನಲ್ಲೂ ಎಂದೂ ತೆಗೆಯದ ದನಿ ತೆಗೆದು ಕೂಗಿದೆ.

"ಬಂದೆ!"

ಮಾತು ನನ್ನ ಬಾಯಿಂದಲೂ ಹೊರಟಿತು, ಬೆನ್ನಿನ ಹಿಂದಿನಿಂದಲೂ ಹೊರಟಿತು. ಗೋಡೆಗೆ ಬಡಿದು ಮರಳಿತೋ ಏನೋ. ಬಿಸಿ ಗಾಳಿಯೊಂದು ಕತ್ತಿನ ಹಿಂಬದಿಗೆ ತಾಕಿತು. ಮೈಮೇಲೆ ಯಾರೋ ಕಂಬಳಿ ಹೊದಿಸಿದ ಭಾರ. ನಾನು ತಿರುಗಿ ನೋಡಲಿಲ್ಲ.

ರಸ್ತೆಯಲ್ಲಿ ಬಸ್ಸು ಹಾರ್ನ್ ಮಾಡಿತು. "ನಡಿ ನಡಿ," ಎಂದು ಅತ್ತೆ ನನ್ನ ಕೈ ಹಿಡಿದು ಎಳೆದಳು. ಓಡಿದೆವು. ಮರದ ಮುಖಗಳನ್ನು ದಾಟಿದ ಮೇಲೆ ಅತ್ತೆ ನನ್ನ ಮುಖ ನೋಡಿ, "ಹ್ಞಾ, ಈಗ ಬಂದಿ," ಎಂದಳು. ಬಸ್ಸಿನ ಡ್ರೈವರು ನನಗೆ ತಲೆ ಬಾಗಿಸಿದ. ವಿಮಾನ ನಿಲ್ದಾಣದ ಬಾಗಿಲು ನಾನು ದೂರದಲ್ಲಿರುವಾಗಲೇ ತೆರೆದುಕೊಂಡಿತು. ವಿಮಾನವೂ ಸಿಕ್ಕಿತು.

ಮೋಡಗಳ ಮೇಲೆ ಬಂದಮೇಲೆ ಗಗನಸಖಿ ನನ್ನ ಮುಂದೆ ಊಟ ಇಟ್ಟಳು. ಪಕ್ಕದಲ್ಲಿ ಅತ್ತೆ ಕಣ್ಣು ತೆರೆದುಕೊಂಡೇ ಕೂತಿದ್ದಳು. ಅವಳ ಮುಂದೆ ಏನನ್ನೂ ಇಡದೆ ಗಗನಸಖಿ ಮುಂದಿನ ಸಾಲಿಗೆ ಹೋದಳು.

ಆಗ ನೆನಪಾಯಿತು. ಎರಡನೆಯ ಸಲ ಹೊರಡುವಾಗ ಅತ್ತೆ ನನ್ನ ಹೆಸರು ಕೂಗಿದ್ದಳು. ತನ್ನ ಹೆಸರು ಕೂಗಿರಲಿಲ್ಲ.

ಗಿರಣಿಯಲ್ಲಿ

ಊರಿಗೆ ಬಂದು ತಿಂಗಳುಗಳಾದವು. ಭಾನುವಾರ ನಾನು ಹರಪನಹಳ್ಳಿಯಿಂದ ಬಸ್ಸು ಹಿಡಿದು ಗಿರಣಿಗೆ ಹೋಗುತ್ತೇನೆ. ಅತ್ತೆ ಎಂದಿನಂತೆ ಜೋಳ ಸುರಿಯುತ್ತಾಳೆ, ಹಿಟ್ಟು ತುಂಬುತ್ತಾಳೆ. ಡಬ್ಬಿ ಹೊತ್ತ ಹೆಂಗಸರು ಬಾಗಿಲಲ್ಲಿ ನಿಂತು, ಅವಳು ಎದುರಿಗೇ ಇರುವಾಗ ನನ್ನತ್ತ ತಿರುಗುತ್ತಾರೆ.

"ಗಾಳವ್ವ ಎಲ್ಲಿ ಹೋಗ್ಯಾಳ್ರಿ?"

"ಇಲ್ಲೇ ಅದಾಳಲ್ರಿ."

"ಅಯ್ಯ, ಹೌದಲ್ಲ! ಕಣ್ಣಿಗೇನು ಬಂತೋ ನನಗ."

ಅತ್ತೆ ನಗುತ್ತಾಳೆ. ಫೋನು ಡಬ್ಬಿಯ ಪಕ್ಕ ಕಪ್ಪಗೆ ಬಿದ್ದಿರುತ್ತದೆ. ಧಾರಾವಾಹಿ ಈಗ ನೋಡುವುದಿಲ್ಲ.

ಹೋದ ವಾರ ಧೈರ್ಯ ಮಾಡಿ ಕೇಳಿದೆ. ಗಿರಣಿ ನಿಂತಿತ್ತು, ಹಿಟ್ಟಿನ ಧೂಳು ಬಿಸಿಲಿನ ಕೋಲಿನಲ್ಲಿ ಇಳಿಯುತ್ತಿತ್ತು.

"ಅತ್ತಿ, ಅವತ್ತು ಅವಸರದಾಗ ನಿನ್ನ ಹೆಸರು ಕೂಗೋದು ಮರತಿ."

ಅವಳು ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡಳು.

"ಮರೀಲಿಲ್ಲಲೇ. ಕರೀಲಿಲ್ಲ."

"ಯಾಕ?"

"ಹುಟ್ಟಿದಾಗಿಂದ ಒಂದ ಒಲಿ ಮುಂದ ನಾ ಕುಂತಿಲ್ಲ. ಕುರಿ ಹಿಂದ ತಿರಗಿದೆ, ಆಮ್ಯಾಲೆ ಇದರ ಹಿಂದ." ಗಿರಣಿಯ ಪಟ್ಟಿಯನ್ನು ತೋರಿಸಿದಳು. "ಕುಂತಿರಲಿ ಬಿಡು ಅಲ್ಲಿ. ಮೈ ಇಲ್ಲಿ ದುಡೀತೈತಲ್ಲ, ನಿನಗೇನು ತ್ರಾಸು?" ತೋಳಿನ ಮೇಲಿನ ಹಿಟ್ಟನ್ನು ಕೊಡವದೆ ನೋಡುತ್ತ ನಿಂತಳು. "ಬೆಳಗ್ಗಿಂದ ಹಿಮ ಬೀಳಾಕತ್ತೈತಿ. ಅಂಗಳ ಬೆಳ್ಳಗಾಗೈತಿ."

ಸಂಜೆ ಅಜ್ಜಿಯಿಂದ ನನ್ನ ಫೋನಿಗೆ ಒಂದು ಚಿತ್ರ ಬಂತು. ಬರಹವಿಲ್ಲ. ಅಂಗಳದ ತುಂಬ ಹಿಮ. ಗಡಿಗೆಗಳ ಮೇಲೆ ಬಿಳಿ ಟೋಪಿಗಳು. ಅಜ್ಜಿ ಒಬ್ಬಳೇ ಇರುವ ಆ ಮನೆಯ ಜಗಲಿಯ ಮೇಲೆ ಎರಡು ಬಟ್ಟಲು ಚಹಾ, ಎರಡರಿಂದಲೂ ಹಬೆ ಏಳುತ್ತಿತ್ತು.

ನನ್ನ ಎರಡನೆಯ ಸಲಹೆ ಇದೇ. ಯಾವ ಊರಿಂದ ಹೊರಡುವಾಗಲೂ, ಯಾರು ನೋಡುತ್ತಿದ್ದರೂ, ಜೊತೆಗಾರರ ಹೆಸರು ಬಾಯಿಬಿಟ್ಟು ಕೂಗಿ. ಅವರು ಹಿರಿಯರಾದರೆ ಅವರ ಹೆಸರನ್ನೂ ನೀವೇ ಕೂಗಿ, ಅವರಿಗೆ ಬಿಡಬೇಡಿ. ಅತ್ತೆಯ ಹೆಸರನ್ನು ಅವತ್ತು ನಾನು ಕೂಗಬಹುದಿತ್ತು. ಈಗ ಕೂಗಬೇಕೆಂದರೆ ಆ ಒಲೆಯ ಮುಂದೆಯೇ ನಿಲ್ಲಬೇಕು. ಹೊಸ ಪ್ಲಾನು ತಯಾರಿದೆ, ರಜೆಯನ್ನೂ ಕೇಳಿಟ್ಟಿದ್ದೇನೆ.

ಚಿತ್ರವನ್ನು ಅತ್ತೆಗೆ ತೋರಿಸಿ ಹೇಳಿದೆ. "ನಿನ್ನ ಕರಿಯಾಕ ಹೋಗ್ತೀನಿ ಅತ್ತಿ. ನಾಚಿಕಿ ಇಲ್ಲ ಈಗ ನನಗ, ಜೋರಾಗೇ ಕೂಗ್ತೀನಿ."

ಅವಳು ಫೋನನ್ನು ಹತ್ತಿರ ಹಿಡಿದು, ಎಡಗಡೆಯ ಬಟ್ಟಲನ್ನು ಬೆರಳಿಂದ ಮುಟ್ಟಿದಳು. ಗಾಜಿನ ಮೇಲೆ ಹಿಟ್ಟಿನ ಗುರುತು ಮೂಡಿತು.

"ಕೂಗುವಂತಿ," ಎಂದಳು. "ಚಾ ಮುಗೀಲಿ, ತಡಿ."